ಟ್ರಿಬೋಲಿಂಕ್ ಎಂದರೇನು?

ಕೃಷ್ಣಾ ನದಿಯ ದಂಡೆಯ ಮೇಲೊಂದು ಆಶ್ರಮ. ಅಲ್ಲಿ ಕಲ್ಮೇಶನೆಂಬ ಶಿಷ್ಯ. ಉತ್ತರ ಗೊತ್ತಿಲ್ಲದ ಪ್ರಶ್ನೆಯೇ ಅವನಿಗೆ ಇರಲಿಲ್ಲ. ಹಾಗೆಂದು ಮೊದಲು ಅವನು ನಂಬಿದ. ಅವನನ್ನು ನೋಡಿ ಸುತ್ತಲಿನ ಊರುಗಳೂ ನಂಬಿದವು.

ಯಾರೋ ಪುಣ್ಯಾತ್ಮರು ಆಶ್ರಮಕ್ಕೆ ತಮ್ಮ ಹಳೆಯ ಕಂಪ್ಯೂಟರುಗಳನ್ನು ಕೊಟ್ಟಿದ್ದರು. ವಯಸ್ಸಾದವರಿಗೆ ಕಂಪ್ಯೂಟರು, ಮೊಬೈಲು ಕಲಿಸಬೇಕೆಂದು ಗುರುಗಳ ಆಸೆ. ಕಲಿಸುವವನು ತಾನೇ ಆಗಬೇಕೆಂದು ಕಲ್ಮೇಶನ ಆಸೆ. ಅದಕ್ಕಾಗಿ ಅವನು ತಿಂಗಳುಗಟ್ಟಲೆ ಪದಗಳನ್ನು ಬಾಯಿಪಾಠ ಮಾಡಿದ್ದ. ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದ.

ಒಂದು ದಿನ ಬೆಳಿಗ್ಗೆ ಗುರುಗಳ ಮುಂದೆ ಕೈಮುಗಿದು ನಿಂತ. ಗುರುಗಳಾದ ಅಡವೀಶ ಅಪ್ಪಾರು ಕಟ್ಟೆಯ ಮೇಲೆ ಕೂತು ತೊಗರಿಕಾಯಿ ಸುಲಿಯುತ್ತಿದ್ದರು.

“ಅಪ್ಪಾರ, ಪಾಠ ಹೇಳಾಕ ನನಗ ಅಪ್ಪಣಿ ಕೊಡ್ರಿ.”

“ಕೂಡು. ಒಂದಿಷ್ಟು ಕೇಳ್ತೀನಿ, ಹೇಳು. ಆಮ್ಯಾಲ ನೋಡೂಣು. ಬ್ರೌಸರ್ ಅಂದ್ರೇನು?”

“ಜಾಲತಾಣ ತಗದು ತೋರಿಸೂ ತಂತ್ರಾಂಶರಿ.”

“ಒಟಿಪಿ?”

“ಒಂದಽ ಸಲಕ್ಕ ನಡಿಯೂ ಗುಟ್ಟಿನ ಸಂಖ್ಯೆರಿ. ಯಾರಿಗೂ ಹೇಳಬಾರದು.”

“ಕ್ಲೌಡ್?”

“ನಮ್ಮ ಫೋಟೊ, ಕಾಗದಪತ್ರ ದೂರದ ದೊಡ್ಡ ಕಂಪ್ಯೂಟರಿನ್ಯಾಗ ಇಡೂದ್ರಿ. ಈಗಷ್ಟ ನಿಂಬೆವ್ವಗೂ ಹೇಳಿ ಕಳಿಸಿದೆ.”

ಗುರುಗಳು ತಲೆಯಾಡಿಸಿದರು. ಕೈಯ ಕೆಲಸ ನಿಲ್ಲಿಸಲಿಲ್ಲ.

“ಟ್ರಿಬೋಲಿಂಕ್?”

ಕಲ್ಮೇಶ ಕಣ್ಣು ಮಿಟುಕಿಸುವಷ್ಟು ಹೊತ್ತು ತಡೆದ. ಅಷ್ಟೇ.

“ಮೂರು ಫೋನು ಒಮ್ಮೆಲೇ ಜೋಡಿಸೂ ಸಂಪರ್ಕರಿ. ಬ್ಲೂಟೂತ್‌ಗಿಂತ ಜೋರು. ಈಗೀಗ ಬಂದೈತಿ.”

“ಎಲ್ಲಿ ಸಿಗತೈತಿ?”

“ಹೊಸಾ ಫೋನಿನ್ಯಾಗ ಇದ್ದಽ ಇರತೈತ್ರಿ.”

“ಹೌದಾ?” ಎಂದರು ಗುರುಗಳು. “ನಿನ್ನೆ ಎಮ್ಮಿ ಮೈ ತೊಳೆಯೂ ಮುಂದ ಆ ಶಬ್ದ ನಾನಽ ಕಟ್ಟಿದೆ. ಅಷ್ಟು ಲಗೂನ ಫೋನಿನ್ಯಾಗ ಬಂತೇನು?”

ಕಲ್ಮೇಶನ ಕಿವಿ ಬಿಸಿಯಾಯಿತು. ನಾಚಿಕೆಗಿಂತ ಮೊದಲು ಅವನಿಗೆ ಬಂದದ್ದು ಸಿಟ್ಟು.

“ಉಳದಿದ್ದೆಲ್ಲಾ ಬರೋಬ್ಬರಿ ಹೇಳೀನಲ್ರಿ, ಅಪ್ಪಾರ.”

“ಹೇಳಿದಿ. ಅದಽ ಧ್ವನಿಯೊಳಗ ಇದನ್ನೂ ಹೇಳಿದಿ. ಯಾವುದು ಖರೆ, ಯಾವುದು ನೀ ಕಟ್ಟಿದ್ದು, ಕೇಳವರಿಗೆ ಹೆಂಗ ತಿಳೀಬೇಕು?”

ಗುರುಗಳು ಇನ್ನೊಂದು ಕಾಯಿ ಸುಲಿದು ಕೇಳಿದರು:

“ನಿಂಬೆವ್ವ ಏನು ಕೇಳಿದ್ಲು?”

ನಿಂಬೆವ್ವ ಹೊಳೆಯಾಚೆಯ ಊರಿನವಳು. ಗಂಡ ತೀರಿಕೊಂಡು ವರ್ಷವಾಗಿತ್ತು. ಫೋನು ತುಂಬಿ ಹೋಗಿದೆ ಎಂದು ಬೆಳಿಗ್ಗೆಯೇ ಹಿಡಿದುಕೊಂಡು ಬಂದಿದ್ದಳು. ಅವಳು ಕೇಳಿದ್ದು ಕ್ಲೌಡ್ ಎಂದರೇನು ಎಂದಲ್ಲ. “ನಮ್ಮ ಮನಿಯವರ ಫೋಟೊ ಇಲ್ಲಿ ಅಳಿಸಿದ್ರ, ಅಲ್ಲಿ ಉಳೀತಾವೇನು?” ಎಂದು ಕೇಳಿದ್ದಳು.

ಕಲ್ಮೇಶ ಅವಳ ಫೋನನ್ನು ಕೈಗೆ ತೆಗೆದುಕೊಂಡೂ ನೋಡಿರಲಿಲ್ಲ. “ಉಳೀತಾವ್ರಿ, ಧೈರ್ಯದಿಂದ ಅಳಿಸ್ರಿ” ಎಂದಿದ್ದ.

ಉಳಿಯುತ್ತವೆಯೋ ಇಲ್ಲವೋ ಆಗಲೂ ಅವನಿಗೆ ಗೊತ್ತಿರಲಿಲ್ಲ, ಈಗಲೂ ಗೊತ್ತಿರಲಿಲ್ಲ. ಗುರುಗಳಿಗೆ ಉತ್ತರವನ್ನೂ ಕೊಡದೆ ಹೊಳೆಯ ಕಡೆ ಓಡಿದ.

ದೋಣಿ ಆಗಲೇ ದಂಡೆ ಬಿಟ್ಟಿತ್ತು. ದೋಣಿಯ ತುಂಬ ಜನ, ಎಲ್ಲರೂ ಗುರುತಿನವರು. ನಡುವೆ ನಿಂಬೆವ್ವ ಫೋನಿನ ಮೇಲೆ ಬಗ್ಗಿ ಕೂತಿದ್ದಳು.

“ಯವ್ವಾ! ಫೋಟೊ ಅಳಿಸಬ್ಯಾಡ್ರಿ!”

ನಿಂಬೆವ್ವ ತಲೆಯೆತ್ತಿದಳು. “ಯಾಕೋ? ಅಲ್ಲಿ ಉಳೀತಾವ ಅಂತ ನೀನಽ ಹೇಳಿದೆಲ್ಲ!”

ದೋಣಿಯವರೆಲ್ಲ ತಿರುಗಿ ನೋಡಿದರು. ಕಲ್ಮೇಶನ ನಾಲಿಗೆಯ ತುದಿಗೆ ಇನ್ನೊಂದು ಉತ್ತರ ಬಂದು ನಿಂತಿತ್ತು. ಇವತ್ತೊಂದಿನ ಕ್ಲೌಡ್ ಬಂದ್ ಐತಿ ಎಂದರೆ ಸಾಕು, ಮಾನ ಉಳಿಯುತ್ತಿತ್ತು. ಯಾರೂ ಮರುಮಾತು ಆಡುತ್ತಿರಲಿಲ್ಲ.

“ನನಗ ಗೊತ್ತಿಲ್ರೀ!” ಎಂದು ಕೂಗಿದ. “ಗೊತ್ತಿಲ್ದಽ ಹೇಳೀನಿ!”

ದೋಣಿಯವನು ಗೊಣಗುತ್ತ ದೋಣಿಯನ್ನು ಹಿಂದಕ್ಕೆ ತಿರುಗಿಸಿದ. ದಂಡೆಗೆ ಬಂದಾಗ ನಿಂಬೆವ್ವನ ಮುಖ ಬಿಳಿಚಿಕೊಂಡಿತ್ತು.

“ಒಂದಿಷ್ಟು ಅಳಿಸಿಬಿಟ್ಟೀನಲ್ಲೋ. ಅವರು ನಕ್ಕಿದ್ದು ಒಂದಽ ಒಂದು ಫೋಟೊ ಇತ್ತು. ತಿರುಗಿ ಬರತೈತೇನು?”

“ಅದೂ ಗೊತ್ತಿಲ್ರೀ, ಯವ್ವಾ. ಗೊತ್ತಿದ್ದವರನ್ನ ಕೇಳೂಣು, ನಡೀರಿ.”

ಅವನೂ ದೋಣಿ ಹತ್ತಿದ. ಆಚೆ ದಂಡೆ ಮುಟ್ಟುವವರೆಗೆ ಅವನೊಂದಿಗೆ ಯಾರೂ ಮಾತಾಡಲಿಲ್ಲ.

ಪೇಟೆಯಲ್ಲಿ ಮೊಬೈಲು ರಿಪೇರಿ ಮಾಡುವ ಹೆಂಗಸು ಫೋನನ್ನು ಅತ್ತಿತ್ತ ಒತ್ತಿ ನೋಡಿದಳು. ಈ ಫೋನಿನಲ್ಲಿ ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತವೆ ಎಂದಳು. ಆದರೆ ಅಳಿಸಿದ್ದು ಕೆಲವು ದಿನ ಕಸದ ಬುಟ್ಟಿಯಲ್ಲಿ ಬಿದ್ದಿರುತ್ತದಂತೆ. ಅದನ್ನು ತೆರೆದು ಎಲ್ಲ ಫೋಟೊಗಳನ್ನೂ ವಾಪಸು ತಂದಳು.

ನಿಂಬೆವ್ವ ಅಂಗಡಿಯ ಮೆಟ್ಟಿಲ ಮೇಲೆ ಕೂತು ಗಂಡನ ನಗುಮುಖ ನೋಡುತ್ತ ಅತ್ತಳು. ಆಮೇಲೆ ಕಲ್ಮೇಶನಿಗೆ ಬಾಯಿಗೆ ಬಂದಂತೆ ಬೈದಳು. ಬೈದು ಮುಗಿದ ಮೇಲೆ ಮನೆಗೆ ಕರೆದೊಯ್ದು ಊಟ ಹಾಕಿ ಕಳಿಸಿದಳು.

ಅವನು ಆಶ್ರಮಕ್ಕೆ ಮರಳಿದಾಗ ಸಂಜೆಯಾಗಿತ್ತು. ಗುರುಗಳಿಂದ ಸ್ವಲ್ಪ ದೂರದಲ್ಲೇ ಕೂತ.

“ಫೋಟೊ ಸಿಕ್ಕವ್ರಿ, ಅಪ್ಪಾರ.”

“ಛಲೋ ಆತು.”

“ಪಾಠಕ್ಕ ಬ್ಯಾರೆ ಯಾರನ್ನರ ನೋಡ್ರಿ. ನಾ ಒದರಿದ್ದು ದೋಣಿ ಮಂದಿಯೆಲ್ಲಾ ಕೇಳ್ಯಾರ. ಇನ್ನ ನನ್ನ ಮುಂದ ಯಾರು ಬಂದು ಕೂಡತಾರ?”

“ದೋಣಿ ತಿರುಗಿ ಬಂದಾಗ ಇಬ್ಬರು ಮುದುಕರು ಇಳದು ನನ್ನ ಕಡೆ ಬಂದಿದ್ರು. ಗೊತ್ತಿಲ್ಲ ಅಂತ ಒದರಿದ ಆ ಹುಡುಗನ ಪಾಠ ಯಾವಾಗ್ರಿ ಅಂತ ಕೇಳಿದ್ರು. ನಾಳೆ ಬರ್ರಿ ಅಂದೀನಿ.”

ಬೆಳಿಗ್ಗೆ ಕಲ್ಮೇಶನ ಬಾಯಲ್ಲಿ ಸಾಲುಗಟ್ಟಿ ನಿಂತಿದ್ದ ಪದಗಳಲ್ಲಿ ಒಂದೂ ಈಗ ಮುಂದೆ ಬರಲಿಲ್ಲ.

“ಅಪ್ಪಾರ, ಮೊದಲಿಗೆ ಏನು ಕಲಿಸಲ್ರಿ?”

ಗುರುಗಳು ಚಾಪೆ ಹಾಸುತ್ತ ಹೇಳಿದರು:

“ದಂಡಿ ಮ್ಯಾಲ ನಿಂತು ಒದರಿದೆಲ್ಲ, ಅದನ್ನಽ ಕಲಿಸು.”