ನಿಂಬೆಹಣ್ಣು ದಾಟದ ಕಾರು

“ಮಾವ, ಇದೇ ಕಾರು ವಾರವೆಲ್ಲ ಆಫೀಸಿಗೆ ಹೋಗಬೇಕು, ಭಾನುವಾರ ರೇಸ್ ಟ್ರ್ಯಾಕಿಗೂ ಇಳಿಯಬೇಕು. ಎಂಜಿನ್ನಿಗೆ ನಿಧಾನದಲ್ಲೂ ಎಳೆಯುವ ಕೆಳಗಿನ ಪಿಕಪ್ ಕೊಡಲೋ, ಪೂರ್ತಿ ವೇಗದಲ್ಲಿ ಸಿಗುವ ತುದಿಯ ಅಶ್ವಶಕ್ತಿ ಕೊಡಲೋ?” ಎಂದು ಷಣ್ಮುಖ ಕೇಳಿದ. ಎಂಜಿನ್ ಬಿಚ್ಚಿಟ್ಟಿತ್ತು. ಸಂಜೆಯೊಳಗೆ ಅವನು ಒಂದನ್ನು ಆರಿಸಲೇಬೇಕಿತ್ತು.

ಅವನಿಗೆ ಗ್ಯಾರೇಜಿನ ಕೆಲಸ ಕಲಿಸಿದ ಕೆಂಚಪ್ಪ ಮಾವ ಸ್ಪ್ಯಾನರ್ ಕೆಳಗಿಟ್ಟು ಹೇಳಿದರು:

ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಅವನಿಗೂ ಒಂದೇ ಕಾರು. “ಬಲವೆಲ್ಲ ತುದಿಯಲ್ಲೇ ಇರಲಿ” ಎಂದ. ಹಾಗೆ ಮಾಡಿಕೊಟ್ಟವನು ಯಾರು? ನಾನೇ ಕಣೋ. ಆಕ್ಸಿಲರೇಟರ್ ಪೂರ್ತಿ ಒತ್ತಿದರೆ ಕಾರಿನ ನೆರಳು ಹಿಂದೆ ಉಳಿದು, ಆಮೇಲೆ ಆಟೋ ಹಿಡಿದು ಬರುತ್ತಿತ್ತು. ನಿಧಾನಕ್ಕೆ ಓಡಿಸಿದರೆ ಮಾತ್ರ ಅದಕ್ಕೆ ಉಸಿರೇ ಇರಲಿಲ್ಲ.

ರೇಸಿನ ದಿನ ಬೆಳಿಗ್ಗೆ ವ್ಯಾಪಾರಿಯ ತಾಯಿ ಕಾರಿಗೆ ಪೂಜೆ ಮಾಡಿ ಚಕ್ರದಡಿ ನಿಂಬೆಹಣ್ಣು ಇಟ್ಟರು. ಅವನು ಮೆಲ್ಲಗೆ ಕ್ಲಚ್ ಬಿಟ್ಟ. ಕಾರು ಹಣ್ಣಿಗೆ ತಗುಲಿ, ಕೆಮ್ಮಿ, ಆಫ್ ಆಯಿತು. ಮತ್ತೆ ಬಿಟ್ಟ, ಮತ್ತೆ ಆಫ್. ರೇಗಿ ಪೂರ್ತಿ ಒತ್ತಿದ. ಚಕ್ರ ನಿಂತಲ್ಲೇ ಗಿರ್ರನೆ ತಿರುಗಿತು. ಹಣ್ಣು ಹಾರಿ ಎದುರುಮನೆಯ ಉಪ್ಪಿನಕಾಯಿ ಜಾಡಿಗೆ ಬಿತ್ತು, ಹೋಳಾಗಿಯೇ.

ತಾಯಿ ಇನ್ನೊಂದು ಹಣ್ಣು ಇಟ್ಟರು. “ಇದನ್ನು ಜಜ್ಜದೆ ಹೊರಟರೆ ನನ್ನಾಣೆ.”

“ಅಮ್ಮಾ, ಹತ್ತು ಗಂಟೆಗೆ ರೇಸು.”

“ನಿಂಬೆಹಣ್ಣು ದಾಟಲಾರದ್ದು ಇನ್ನಾರನ್ನು ದಾಟುತ್ತದಪ್ಪ?”

ನನ್ನನ್ನು ಕರೆಸಿದರು. ನಾನು ಕಣ್ಣು ಮುಚ್ಚಿಕೊಂಡೇ ಎಂಜಿನ್ನಿನ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮನ್ನು ಒಂದು ಚೂರು ಮುಂದಕ್ಕೆ ತಿರುಗಿಸಿದೆ. ತುದಿಯ ಬಲ ಸ್ವಲ್ಪ ಹೋಯಿತು, ಕೆಳಗಿನ ವೇಗದಲ್ಲಿ ಎಳೆತ ಬಂತು. ಹಣ್ಣು ಪಚಕ್ಕೆಂದಿತು. ವ್ಯಾಪಾರಿ ಮಾತ್ರ ಹೋದ ಬಲಕ್ಕೆ ಅಳುಮುಖ ಮಾಡಿಕೊಂಡೇ ಹೋದ.

ಟ್ರ್ಯಾಕಿನ ನೇರ ದಾರಿಯಲ್ಲಿ ಇಬ್ಬರು ಅವನನ್ನು ಹಿಂದೆ ಹಾಕಿದರು. ತಿರುವು ಬಂತು, ಎಲ್ಲರೂ ವೇಗ ತಗ್ಗಿಸಿದರು. ತಿರುವು ಮುಗಿದಾಗ ಅವರ ಎಂಜಿನ್ನುಗಳು ಇನ್ನೂ ಉಸಿರಿಗೆ ಕಾಯುತ್ತಿದ್ದವು. ಇವನದು ಆಗಲೇ ಎಳೆಯುತ್ತಿತ್ತು. ಆ ಟ್ರ್ಯಾಕಿನಲ್ಲಿ ತಿರುವುಗಳೇ ಜಾಸ್ತಿ. ಗೆದ್ದ. ಸಂಜೆ, ರೇಸ್ ನೋಡಲು ಬಂದಿದ್ದ ತಾಯಿ ಗೆದ್ದ ಕಪ್ಪನ್ನು ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಕೂತರು. ಕಾರು ಸಂತೆಬೀದಿಯ ಜನರ ನಡುವೆ ನಡಿಗೆಯ ವೇಗದಲ್ಲಿ ಮನೆಗೆ ಬಂತು. ಒಮ್ಮೆಯೂ ಕೆಮ್ಮಲಿಲ್ಲ.

ಷಣ್ಮುಖ ನಕ್ಕ. ಆಮೇಲೆ ತಲೆ ಕೆರೆದುಕೊಂಡು, “ಆದರೆ ಮಾವ, ನನ್ನ ಕಾರಿಗೆ ಇನ್ನೂರು ಅಶ್ವಶಕ್ತಿ ಅಂತ ಗೆಳೆಯರಿಗೆಲ್ಲ ಹೇಳಿಬಿಟ್ಟಿದ್ದೇನೆ” ಎಂದ.

“ಜಂಬ ಕೊಚ್ಚುವುದಕ್ಕೆ ನಾನಿದ್ದೇನೆ, ನೀನು ಓಡಿಸುವುದಕ್ಕೆ ತಕ್ಕ ಎಂಜಿನ್ ಕಟ್ಟಿಕೋ.”