ಪಟೇಲರು ಕೊಟ್ಟ ಕಾವು

ಪಟೇಲ ಬಸವಲಿಂಗಪ್ಪನವರು ಬೆಳಗ್ಗೆ ಜಗಲಿಯ ಮೆತ್ತೆ ಮೇಲೆ ಕೂತರೆ ಮುಗಿಯಿತು. ಊಟವೂ ಅಲ್ಲೇ, ಅಪ್ಪಣೆಯೂ ಅಲ್ಲಿಂದಲೇ. ಚಳಿಗಾಲದಲ್ಲೊಂದು ದಿನ ತೋಟದಾಳು ನಿಂಗಾಜಮ್ಮನನ್ನು ಕರೆದು ಗುಡುಗಿದರು.

"ಬೀಗರು ನಾಟಿಗೆ ಕೇಳಿದಾರೆ, ಅವರು ಬರೋ ಹೊತ್ತಿಗೆ ಹಾಗಲ ಬೀಜ ಮೊಳಕೆ ಬಂದಿರಬೇಕು. ಔಷಧಿ ಸೋಕಿಸಬಾರದು. ಬರಲಿಲ್ಲಾಂದ್ರೆ ತೋಟದ ಕಡೆ ತಲೆ ಹಾಕಬೇಡ!"

"ಗಂಜಲದಲ್ಲಿ ನೆನೆಸಿ ಬಟ್ಟೇಲಿ ಕಟ್ಟಿದೀನಿ ಬುದ್ಧಿ. ಆದ್ರೆ ಈ ಚಳೀಲಿ ಕಾವು ಸಿಗದೆ ಒಡೆಯಲ್ಲ. ಒಲೆ ಪಕ್ಕ ಇಡ್ಲಾ?"

"ಗಂಜಲದ ಗಂಟು ನನ್ನ ಅಡುಗೆಮನೆಗಾ? ಎಲ್ಲಾದ್ರೂ ಇಟ್ಕೋ, ನನ್ನ ಕಣ್ಣಿಗೆ ಬೀಳಬಾರದು!"

ಅವರ ಕಣ್ಣಿಗೆ ಬೀಳದ ಬೆಚ್ಚನೆಯ ಜಾಗ ಆ ಮನೆಯಲ್ಲಿ ಒಂದೇ ಇತ್ತು. ಮರುದಿನ ಬೆಳಗ್ಗೆ ಪಟೇಲರು ಬಂದು ಕೂರುವ ಮೊದಲೇ ನಿಂಗಾಜಮ್ಮ ಗಂಟನ್ನು ಅಲ್ಲಿಗೆ ಸೇರಿಸಿದಳು. ಪಟೇಲರು ಆಗಾಗ ಮೂಗು ಮುಚ್ಚಿಕೊಂಡು ಹಟ್ಟಿಯ ಹಸುವನ್ನು ಬೈದರು.

ನಾಲ್ಕು ದಿನ ಕಳೆದು ಬೀಗರು ಬಂದರು. "ಎಲ್ಲೇ ಮೊಳಕೆ?" ಎಂದು ಪಟೇಲರು ಕೂತಲ್ಲಿಂದಲೇ ಕೂಗಿದರು.

"ಸ್ವಲ್ಪ ಎದ್ದೇಳಿ ಬುದ್ಧಿ."

ಮೆತ್ತೆಯಡಿಯಿಂದ ಗಂಟು ಎಳೆದು ಬಿಚ್ಚಿದಳು. ಬೀಜಗಳೆಲ್ಲ ಬಾಯಿಬಿಟ್ಟು ಬೆಳ್ಳನೆ ಮೊಳಕೆ ಚಾಚಿದ್ದವು. ಬೀಗರು ನಗು ತಡೆಯಲಾರದೆ ಶಲ್ಯವನ್ನು ಬಾಯಿಗೆ ಒತ್ತಿಕೊಂಡರು.

"ನನ್ನ ಕೆಳಗಾ ಇಟ್ಟಿದ್ದೆ?" ಪಟೇಲರ ಮುಖ ಕೆಂಪಾಯಿತು.

"ಕಾವಿಗೆ ಕೂತ ಕೋಳಿ ಆದ್ರೂ ಕಾಳು ಹೆಕ್ಕೋಕೆ ಆಗಾಗ ಎದ್ದು ಹೋಗ್ತದೆ ಬುದ್ಧಿ," ಅಂದಳು ನಿಂಗಾಜಮ್ಮ. "ನೀವು ಏಳಲೇ ಇಲ್ಲ."