ತ್ರಿವಿಕ್ರಮರಾಯರು ಹೇಳದೆ ಉಳಿಸಿದ ಮಾತು

ಪಾವಗಡದ ಕಡೆ, ಊರುಗಳಿಂದ ದೂರ, ಒಂದು ಬೋಳು ಕಲ್ಲುಬೆಟ್ಟದ ಬುಡದಲ್ಲಿ ಪರಮಪೂಜ್ಯ ಶ್ರೀ ಸಹಜಬೋಧ ಸ್ವಾಮಿಗಳ ಆಶ್ರಮವಿತ್ತು. ಆಶ್ರಮವೆಂದರೆ ಹೆಂಚಿನ ಎರಡು ಕೋಣೆ, ಮುಂದೆ ಕಲ್ಲುಚಪ್ಪಡಿಯ ಜಗಲಿ, ಪಕ್ಕದಲ್ಲಿ ಶ್ರೀರಾಮನ ಪುಟ್ಟ ಗುಡಿ, ಅಷ್ಟೆ. ಸುತ್ತ ಹುಣಸೆಮರಗಳು. ಬೇಸಿಗೆಯಲ್ಲಿ ಹಣ್ಣು ಬಡಿದಾಗ ಸ್ವಾಮಿಗಳೂ ಶಿಷ್ಯರೊಡನೆ ಜಗಲಿಯ ಮೇಲೆ ಕುಳಿತು ಸಿಪ್ಪೆ ತೆಗೆದು ಬೀಜ ಬಿಡಿಸುತ್ತಿದ್ದರು. ಮೊದಲ ಸಲ ದರ್ಶನಕ್ಕೆ ಬಂದವರು, "ಸ್ವಾಮಿಗಳು ಎಲ್ಲಿದ್ದಾರೆ?" ಎಂದು ಸ್ವಾಮಿಗಳನ್ನೇ ಕೇಳಿದ್ದುಂಟು.

ಅಂಥ ಒಂದು ಬೇಸಿಗೆಯ ಮಧ್ಯಾಹ್ನ ಮೈಸೂರಿನಿಂದ ತ್ರಿವಿಕ್ರಮರಾಯರು ಬಂದರು. ಅವರು ಭೌತಶಾಸ್ತ್ರದ ಪ್ರಾಧ್ಯಾಪಕರು. ವಿಶ್ವ ಹುಟ್ಟಿದ ಬಗೆಯನ್ನು ಕುರಿತು ಉಪನ್ಯಾಸ ಕೊಡುತ್ತಾರೆಂದರೆ ಸಭಾಂಗಣದಲ್ಲಿ ನಿಲ್ಲಲು ಜಾಗ ಸಿಗುತ್ತಿರಲಿಲ್ಲ. ದೇವರಲ್ಲಿ ಅವರಿಗೆ ನಂಬಿಕೆ ಇರಲಿಲ್ಲ. ಹಾಗೆಂದು ನಂಬಿದವರನ್ನು ಹಂಗಿಸಿದವರೂ ಅಲ್ಲ. ತಮಗೆ ನಿಜವೆಂದು ಕಂಡದ್ದನ್ನೇ ಹೇಳಬೇಕು ಎಂಬುದೊಂದೇ ಅವರ ವ್ರತ. ಅವರ ಪತ್ನಿ ಅಂಬುಜಮ್ಮನವರು ಮಾತ್ರ ಸ್ವಾಮಿಗಳ ಶಿಷ್ಯೆ. ವರ್ಷಕ್ಕೊಮ್ಮೆ ಒಬ್ಬರೇ ಬಸ್ಸು ಹಿಡಿದು ಬಂದು ಸೇವೆ ಮಾಡಿ ಹೋಗುತ್ತಿದ್ದರು. ರಾಯರು ಬಸ್‌ಸ್ಟ್ಯಾಂಡಿನವರೆಗೆ ಬಂದು, ಕಿಟಕಿಯ ಪಕ್ಕ ಸೀಟು ಹಿಡಿದುಕೊಟ್ಟು ಹಿಂತಿರುಗುತ್ತಿದ್ದರು. ಆ ಅಂಬುಜಮ್ಮನವರು ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡು ಆಗ ಒಂದು ತಿಂಗಳಾಗಿತ್ತು.

ರಾಯರು ಸಮಾಧಾನ ಬೇಡಿ ಬಂದಿರಲಿಲ್ಲ. ಜಗಳಕ್ಕೆ ಬಂದಿದ್ದರು. ಚಪ್ಪಲಿ ಬಿಡಲಿಲ್ಲ, ನಮಸ್ಕರಿಸಲಿಲ್ಲ. ಜಗಲಿಯ ಕೆಳಗೆ ಬಿಸಿಲಿನಲ್ಲೇ ನಿಂತು, "ನಾನು ಅಂಬುಜಾಳ ಗಂಡ" ಎಂದರು.

ಸ್ವಾಮಿಗಳು ಕೈಯಲ್ಲಿದ್ದ ಹಣ್ಣನ್ನು ಕೆಳಗಿಟ್ಟರು. "ತಾಯಿ ಹೋದರೇ?"

"ಹೋದಳು."

ಸ್ವಾಮಿಗಳ ಕಣ್ಣು ತುಂಬಿತು. ಶಿಷ್ಯ ಕೇಶವದಾಸರು ನೀರು ತಂದುಕೊಟ್ಟರು. ರಾಯರು ಮುಟ್ಟಲಿಲ್ಲ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದ ಕಟುಮಾತುಗಳಲ್ಲಿ ಒಂದೂ ಆಗ ಅವರ ನಾಲಗೆಗೆ ಬರಲಿಲ್ಲ. ಬಂದದ್ದು ಹೆಂಡತಿಯ ಕೊನೆಯ ದಿನಗಳ ಒಂದು ಸಂಜೆಯ ಸಂಗತಿ.

ಕೊನೆಯ ದಿನಗಳಲ್ಲಿ ಅಂಬುಜಮ್ಮನವರ ಬಾಯಲ್ಲಿ ಸದಾ ರಾಮನಾಮವಿರುತ್ತಿತ್ತು. ನೋವು ಮೀರಿದಾಗಲೂ ತುಟಿ ಅಲುಗುತ್ತಿತ್ತು. ರಾಯರು ಪಕ್ಕದಲ್ಲಿ ಕುಳಿತು ಗಂಜಿ ಕುಡಿಸುವರು, ಬೆನ್ನು ಒರೆಸುವರು. ಒಂದು ಸಂಜೆ ಆಕೆ ಜಪ ನಿಲ್ಲಿಸಿ ಕೇಳಿದರು: "ರೀ, ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನೀವು ಇಷ್ಟೆಲ್ಲಾ ಓದಿದೀರಿ. ಈ ಪ್ರಪಂಚ ಶುರುವಾದಾಗ ಅಲ್ಲಿ ಯಾರಾದ್ರೂ ಇದ್ರಾ?"

ಇಷ್ಟು ವರ್ಷದ ಸಂಸಾರದಲ್ಲಿ ಆಕೆ ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ರಾಯರು ತಡವರಿಸಿದರು. ಸಾಯುವವಳಿಗೆ ಸುಳ್ಳು ಹೇಳುವುದು ಅವಳನ್ನು ಕೀಳು ಮಾಡಿದಂತೆ ಎನ್ನಿಸಿತು. "ಯಾರೂ ಇರಲಿಲ್ಲ, ಅಂಬುಜಾ. ಯಾರೂ ಬೇಕಾಗಿಯೂ ಇರಲಿಲ್ಲ" ಎಂದರು.

ಆಕೆ ಅವರ ಮುಖವನ್ನೇ ನೋಡಿದರು. "ಹಾಗಾದ್ರೆ ಕೊನೇಲೂ ಯಾರೂ ಇರಲ್ಲ, ಅಲ್ವಾ?" ಎಂದರು. ಗೋಡೆಯ ಕಡೆ ಹೊರಳಿದರು. ಆಮೇಲೆ ಆಕೆಯ ಬಾಯಲ್ಲಿ ರಾಮನಾಮ ಬರಲಿಲ್ಲ. ಹಾಗೆಯೇ, ಬಾಯಿ ಬಿಗಿದುಕೊಂಡೇ ಪ್ರಾಣ ಬಿಟ್ಟರು.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ರಾಯರ ದನಿ ಕಿರಿಚಿದಂತಾಗಿತ್ತು. "ಜೀವನವೆಲ್ಲ ನಿಮ್ಮನ್ನ ನಂಬಿದವಳು. ನನ್ನ ಒಂದು ಮಾತಿಗೆ ಮುರಿದುಬೀಳೋಂಥದ್ದನ್ನ ಅವಳ ಕೈಗೆ ಯಾಕೆ ಕೊಟ್ಟಿರಿ ಸ್ವಾಮಿ? ಇನ್ನಷ್ಟು ಗಟ್ಟಿಯಾಗಿರೋದು ಏನೂ ಇರಲಿಲ್ವಾ ನಿಮ್ಮ ಹತ್ತಿರ?"

ಶಿಷ್ಯರು ತಲೆ ತಗ್ಗಿಸಿದರು. ಗುರುಗಳನ್ನು ಹೀಗೆ ಕೇಳಿದವರನ್ನು ಅವರು ಕಂಡಿರಲಿಲ್ಲ. ಸ್ವಾಮಿಗಳು ಮಾತ್ರ ಶಾಂತವಾಗಿ, ವಿದ್ಯಾರ್ಥಿಯಂತೆ ಕೇಳಿದರು: "ರಾಯರೇ, ನಿಮ್ಮ ಲೆಕ್ಕ ಎಲ್ಲಿಯವರೆಗೆ ಹೋಗುತ್ತೆ?"

ರಾಯರಿಗೆ ಪ್ರಶ್ನೆ ಅನಿರೀಕ್ಷಿತವಾಗಿತ್ತು. ಆದರೂ ಮೇಷ್ಟರ ಅಭ್ಯಾಸ. ಉತ್ತರ ತಾನಾಗಿ ಬಂತು. "ಮೊದಲ ಕ್ಷಣದ ತೀರ ಹತ್ತಿರದವರೆಗೆ. ಇಡೀ ವಿಶ್ವ ಮುಷ್ಟಿಗಿಂತ ಚಿಕ್ಕದಾಗಿದ್ದ ಹೊತ್ತಿನವರೆಗೂ ಹೋಗಬಹುದು."

"ಅದರಾಚೆಗೆ?"

"ಆಚೆಗೆ ಸಮೀಕರಣಗಳು ಕೆಲಸ ಮಾಡಲ್ಲ. ಕಾಲ ಅನ್ನೋದಕ್ಕೇ ಅರ್ಥ ಇರುತ್ತೋ ಇಲ್ವೋ. ಹಲವು ಊಹೆಗಳಿವೆ, ಯಾವುದಕ್ಕೂ ಆಧಾರ ಸಾಲದು."

"ಅಲ್ಲಿ ನೀವು ಏನಂತೀರಿ?"

"ಗೊತ್ತಿಲ್ಲ ಅಂತೀವಿ."

ಸ್ವಾಮಿಗಳು ಬಹಳ ಮೆಲ್ಲಗೆ ಕೇಳಿದರು: "ಆ 'ಗೊತ್ತಿಲ್ಲ' ಅನ್ನೋದನ್ನ ತಾಯಿಗೆ ಹೇಳಿದಿರಾ?"

ರಾಯರು ಬಿಸಿಲಿಗೆ ಕಾದ ನೆಲದ ಮೇಲೆ ಕುಳಿತುಬಿಟ್ಟರು. ಸಾವಿರಾರು ಜನರ ಮುಂದೆ, ಪುಸ್ತಕಗಳಲ್ಲಿ, ಮೊದಲ ವರ್ಷದ ಹುಡುಗರ ಎದುರಿಗೂ ಅವರು ಎಷ್ಟು ಸಲ ಆ ಮಾತು ಹೇಳಿದ್ದರು! ಅದನ್ನು ಹೇಳುವುದೇ ವಿಜ್ಞಾನಿಯ ಮರ್ಯಾದೆ ಎಂದು ಬೋಧಿಸಿದ್ದರು. ಒಬ್ಬಳಿಗೆ ಮಾತ್ರ, ಅದು ಬೇಕೇಬೇಕಾಗಿದ್ದ ಹೊತ್ತಿನಲ್ಲಿ, ಹೇಳಿರಲಿಲ್ಲ. ಸುಳ್ಳು ಹೇಳಬಾರದೆಂದು ಹೊರಟವರು ತಮಗೆ ಗೊತ್ತಿಲ್ಲದ್ದನ್ನು ಗೊತ್ತಿದೆಯೆಂದು ಹೇಳಿ ಕಳಿಸಿದ್ದರು.

"ಸುಳ್ಳು ಹೇಳಿಬಿಟ್ಟೆ" ಎಂದರು ರಾಯರು. "ನಿಜ ಅಂದ್ಕೊಂಡು ಸುಳ್ಳು ಹೇಳಿಬಿಟ್ಟೆ ಸ್ವಾಮಿ. ಈಗ ಹೋಗಿ ತಿದ್ದೋಣ ಅಂದ್ರೆ ಅವಳಿಲ್ಲ." ಅವರ ಹಣೆ ನೆಲಕ್ಕೆ ತಾಗುವಷ್ಟು ಬಾಗಿತ್ತು. ಕೊನೆಗೆ ಮಗುವಿನಂತೆ ಕೇಳಿದರು: "ಅವಳು ನನ್ನನ್ನ ಕ್ಷಮಿಸ್ತಾಳಾ? ಎಲ್ಲಾದ್ರೂ ಇದ್ದಾಳಾ?"

ಇದ್ದಾರೆ, ಕ್ಷಮಿಸಿದ್ದಾರೆ ಎಂದು ಒಂದು ಮಾತು ಗುರುಗಳ ಬಾಯಿಂದ ಬಂದೀತೆಂದು ಶಿಷ್ಯರೆಲ್ಲ ಕಾದರು.

"ಗೊತ್ತಿಲ್ಲ ರಾಯರೇ" ಎಂದರು ಸ್ವಾಮಿಗಳು.

ರಾಯರು ತಲೆಯೆತ್ತಿದರು. "ನೀವೂ ಹೀಗಂದ್ರೆ?"

"ನಿಮ್ಮ ಲೆಕ್ಕ ನಿಂತ ಕಡೆಯೇ ನಾನೂ ನಿಂತಿರೋದು. ಒಂದು ಹೆಜ್ಜೆಯೂ ಮುಂದೆ ಹೋಗಿಲ್ಲ. ಅಲ್ಲಿ ಕೈಮುಗಿದುಕೊಂಡು ನಿಂತಿದೀನಿ, ಅಷ್ಟೆ."

ಬಿಸಿಲು ಇಳಿಯಿತು. ಬೆಟ್ಟದ ನೆರಳು ಅಂಗಳವನ್ನು ದಾಟಿ ಬಂತು. ರಾಯರು ಕುಳಿತಲ್ಲೇ ಕುಳಿತಿದ್ದರು. ಅಳು ಒಮ್ಮೆ ನಿಲ್ಲುವುದು, ಮತ್ತೆ ಉಕ್ಕಿಬರುವುದು. ಸ್ವಾಮಿಗಳು ಕೋಲೂರಿಕೊಂಡು ಜಗಲಿಯಿಂದ ಇಳಿದು ಬಂದು, ಅವರ ಪಕ್ಕದಲ್ಲಿ ಮಣ್ಣಿನ ಮೇಲೆಯೇ ಕುಳಿತರು.

ಸಂಜೆಯ ಆರತಿಯ ವೇಳೆಯಾಯಿತು. ಜ್ವರದಲ್ಲಿ ನಡುಗುತ್ತಿದ್ದಾಗಲೂ ಸ್ವಾಮಿಗಳು ತಮ್ಮ ಕೈಯಾರೆ ಆರತಿ ಎತ್ತುವುದನ್ನು ಬಿಟ್ಟವರಲ್ಲ. ಕೇಶವದಾಸರು ತಟ್ಟೆ ಸಿದ್ಧಪಡಿಸಿ ಬಂದು, ಕೈಕಟ್ಟಿ ನಿಂತು, "ಗುರುಗಳೇ, ಹೊತ್ತಾಯಿತು" ಎಂದರು.

"ನೀನೇ ಮಾಡಪ್ಪ" ಎಂದರು ಸ್ವಾಮಿಗಳು. "ರಾಮನಿಗೆ ಹೇಳು, ಇವರನ್ನ ಬಿಟ್ಟು ಬರೋಕಾಗಲಿಲ್ಲ ಅಂತ."

ಗುಡಿಯಲ್ಲಿ ಗಂಟೆ ಮೊಳಗಿತು. ಸ್ವಾಮಿಗಳು ಅಂಗಳದ ಕತ್ತಲಲ್ಲಿ, ದೇವರನ್ನು ನಂಬದ ಒಬ್ಬ ಮನುಷ್ಯನ ಬೆನ್ನಿನ ಮೇಲೆ ಕೈಯಿಟ್ಟು ಕುಳಿತೇ ಇದ್ದರು. ಆಶ್ರಮದ ಹಿರಿಯರು ಗುರುಗಳ ಮಹಿಮೆಗಳನ್ನು ಎಣಿಸುವಾಗ ಇಂದಿಗೂ ಇದನ್ನೇ ಎಲ್ಲಕ್ಕಿಂತ ದೊಡ್ಡದೆಂದು ಹೇಳುತ್ತಾರೆ.

ರಾಯರಿಗೆ ಅಂದು ಶಾಂತಿ ಸಿಗಲಿಲ್ಲ. ಮುಂದೆಯೂ ಪೂರ್ತಿ ಸಿಗಲಿಲ್ಲ. ಪಾಠ ಹೇಳುವುದನ್ನು ಅವರು ಬಿಡಲಿಲ್ಲ, ತಮ್ಮ ವಿಜ್ಞಾನವನ್ನು ಹಳಿಯಲೂ ಇಲ್ಲ. ಆದರೆ ಅಂದಿನಿಂದ ಪ್ರತಿ ಬೇಸಿಗೆಯಲ್ಲೂ ತಪ್ಪದೆ ಬಂದರು. ಯಾರೊಡನೆಯೂ ಹೆಚ್ಚು ಮಾತಿಲ್ಲ. ಹೊಸಬರೊಬ್ಬರು ಒಮ್ಮೆ, "ಇಷ್ಟು ಓದಿದ ನೀವು ಇಲ್ಲಿ ಏನು ಕಂಡಿರಿ?" ಎಂದು ಕೇಳಿಯೇಬಿಟ್ಟರು. ರಾಯರು, "ನನಗೆ ಉತ್ತರ ಇಲ್ಲದ ಕಡೆ, ನನ್ನ ಜೊತೆ ಒಬ್ಬರು ಕೂತಿದ್ದರು" ಎಂದರು. ಎದ್ದು, ಚಪ್ಪಡಿಯ ಮೇಲೆ ಉದ್ದಕ್ಕೂ ಮಲಗಿ ಗುರುಗಳಿಗೆ ನಮಸ್ಕರಿಸಿದರು. ಮೇಲೇಳಲು ಅವರಿಗೆ ಬಹಳ ಹೊತ್ತು ಹಿಡಿಯಿತು.